‘ವಾಟರ್’ ಯಾವ ಜಾತಿ?



ಮೊನ್ನೆ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು ‘ಪಾರ್ಟ್ಸ್ ಆಫ್ ಸ್ಪೀಚ್’ ಎಂಟನ್ನೂ ವ್ಯಾಖ್ಯಾನ ಸಮೇತ ಪಟಪಟ ಒಪ್ಪಿಸಿದಳು. ನಾನು ‘ವಿ ವಾಟರ್ ದ ಫೀಲ್ಡ್’ ಅಂತ ಬರೆದು, ಇದರಾಗ ‘ವಾಟರ್’ ಏನವ್ವಾ ಅಂದೆ. ‘ನೌನ್ ಅಣ್ಣ. ನೀರು ಒಂದು ವಸ್ತು ಅಲ್ಲಾ?’ ಅಂದಳು.

ತಪ್ಪು ಅವಳದಲ್ಲ, ಕಲಿಸಿದ ರೀತಿಯದು. ಕನ್ನಡದಾಗ ನೀರನ್ನು, ನೀರಿಗೆ, ನೀರಿನಿಂದ ಅಂತ ಪದದ ಬಾಲವೇ ಅದರ ಕೆಲಸ ಹೇಳ್ತದ. ಇಂಗ್ಲಿಷಿನಲ್ಲಿ ಅಂಥ ಬಾಲ ಕಡಿಮೆ, ನಿಂತ ಜಾಗವೇ ಹೇಳಬೇಕು. ‘ದ ವಾಟರ್ ಕೇಮ್’ ಅಂದ್ರೆ ನಾಮಪದ, ಯಾಕಂದ್ರೆ ಮುಂಚೆ ‘ದ’ ಅದ. ‘ವಿ ವಾಟರ್ ದ ಫೀಲ್ಡ್’ ಅಂದ್ರೆ ಕ್ರಿಯಾಪದ, ನಾವು ಹೊಲಕ್ಕೆ ನೀರು ಹಾಯಿಸ್ತೀವಿ ಅಂತ. ‘ವಾಟರ್ ಟ್ಯಾಂಕ್’ನಲ್ಲಿ ಅದೇ ನಾಮಪದ ವಿಶೇಷಣದ ಕೆಲಸ ಮಾಡ್ತದ. ಇಷ್ಟು ಹೇಳಿದ ಮೇಲೆ ಆ ಹುಡುಗಿ ಐದು ವಾಕ್ಯ ತಾನೇ ಬಿಡಿಸಿದಳು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ ಮಾತಾಡೋ ಮಗು ಅದು. ಇಂಥವರಿಗೆ ‘ಇಂಗ್ಲಿಷ್ ತಲೆಗೆ ಹತ್ತಲ್ಲ’ ಅಂತೀರಲ್ಲ, ನಾಚಿಕೆ ಆಗಲ್ವಾ?

1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಅದ, ಇಂಗ್ಲಿಷ್ ಕಲೀರಿ ಅಂದಿದ್ದಕ್ಕೆ ಗಲಾಟೆ ಎದ್ದು ಮಂತ್ರಿಗಿರಿಯೇ ಹೋಯ್ತು. ಇವತ್ತು ಕನ್ನಡಾಭಿಮಾನದ ಭಾಷಣ ಮಾಡೋರ ಮಕ್ಕಳು ಕಾನ್ವೆಂಟಿನಲ್ಲಿ, ನಮ್ಮ ಮಕ್ಕಳ ಪಾಲಿಗೆ ಬಾಯಿಪಾಠ. ನಾನು ಕನ್ನಡದ ವಿರೋಧಿಯಲ್ಲ. ಬೀಗದ ಕೈ ಒಬ್ಬರ ಜೇಬಿನಲ್ಲೇ ಇರೋದಕ್ಕೆ ವಿರೋಧಿ.

ಒಂದು ಪದ ಹುಟ್ಟಿನಿಂದ ನಾಮಪದ ಅಂತ ಸಾಯೋತನಕ ಹಣೆಪಟ್ಟಿ ಹಚ್ಚೋದು ಜಾತಿಯ ಬುದ್ಧಿ. ‘ಹಂಗಾದ್ರೆ ಕೆಲಸದಿಂದ ವರ್ಣ ಅಂದಂಗಾಯ್ತು’ ಅಂತ ಯಾರೂ ಓಡಿ ಬರಬ್ಯಾಡ್ರಿ. ಪದ ಮುಂದಿನ ವಾಕ್ಯದಾಗ ಬೇರೆ ಕೆಲಸ ಹಿಡೀತದ, ನಿಮ್ಮ ವರ್ಣ ಬಿಡಲ್ಲ. ಜಾತಿ ಅಂದ್ರೆ ಬರೀ ಕೆಲಸದ ವಿಭಜನೆಯಲ್ಲ, ಕೆಲಸಗಾರರ ವಿಭಜನೆ ಅಂತ ಬಾಬಾಸಾಹೇಬರು 1936ರಲ್ಲೇ ಬರೆದಾರ.

ಜಾಗ ನೋಡಿ ವರ್ಗ ಬದಲಿಸೋದು ಸರ್ಕಾರಕ್ಕೂ ಗೊತ್ತು! ಕ್ಯಾಂಪಿನ ನಾಮಶೂದ್ರರು ಪಶ್ಚಿಮ ಬಂಗಾಳದಾಗ ಪರಿಶಿಷ್ಟ ಜಾತಿ, ಕರ್ನಾಟಕದ ಪಟ್ಟಿಯಲ್ಲಿ ಇಲ್ಲ. ಪದಕ್ಕೆ ಜಾಗ ಬದಲಾದ್ರೆ ಹೊಸ ಕೆಲಸ ಸಿಗ್ತದ. ಇವರಿಗೆ ಜಾಗ ಬದಲಾಗಿ ಹಕ್ಕು ಹೋಯ್ತು.

ಮೇಷ್ಟ್ರೇ, ಮೇಡಂ, ಕೈ ಮುಗಿದು ಕೇಳ್ತೀನಿ. ವ್ಯಾಖ್ಯಾನ ಒಪ್ಪಿಸೋದು ನಿಲ್ಲಿಸ್ರಿ. ದಿನಾ ಐದು ವಾಕ್ಯ ಬರೆದು, ‘ಈ ಪದ ಇಲ್ಲಿ ಏನು ಕೆಲಸ ಮಾಡ್ತದ?’ ಅಂತ ಮಕ್ಕಳನ್ನೇ ಕೇಳ್ರಿ. ತಮ್ಮ ಅರ್ಜಿ ತಾವೇ ಇಂಗ್ಲಿಷಿನಲ್ಲಿ ಬರೆಯೋ ದಿನ ಈ ಮಕ್ಕಳು ಯಾರ ಮುಂದೂ ಕೈಕಟ್ಟಿ ನಿಲ್ಲಲ್ಲ.

ಜೈ ಭೀಮ್.