ಖರೀದಿ ಟೇಬಲ್ಲಿಗೆ ಅಪ್ರೆಂಟಿಸ್ ಯಾಕಿಲ್ಲ?

ಹುಬ್ಬಳ್ಳಿ ಪೇಟೆಗೆ ಮೂರು ದೊಡ್ಡ ಗಿರಾಕಿಗಳಿದ್ದಾರೆ. ಗೋಕುಲ ರಸ್ತೆಯಲ್ಲಿ ವಾಯವ್ಯ ಸಾರಿಗೆ ಸಂಸ್ಥೆ, ನವನಗರದಲ್ಲಿ ಹೆಸ್ಕಾಂ, ಗದಗ ರಸ್ತೆಯಲ್ಲಿ ನೈಋತ್ಯ ರೈಲ್ವೆ. ಆರು ಜಿಲ್ಲೆಗೆ ಬಸ್ಸು ಬಿಡುವವರೊಬ್ಬರು, ಏಳು ಜಿಲ್ಲೆಗೆ ಕರೆಂಟು ಕೊಡುವವರೊಬ್ಬರು, ರೈಲು ಓಡಿಸುವವರೊಬ್ಬರು. ಟೈರು, ತಂತಿ, ಬೇರಿಂಗು, ಬಣ್ಣ, ಕಾಗದ, ಗುಂಡುಸೂಜಿ, ಎಲ್ಲವನ್ನೂ ಇವರು ಕೊಳ್ಳಲೇಬೇಕು. ಕೊಳ್ಳುವ ದುಡ್ಡು ನಿಮ್ಮ ಟಿಕೇಟಿನದು, ನಿಮ್ಮ ಬಿಲ್ಲಿನದು.

ಅಂದಮೇಲೆ ಕೊಳ್ಳುವ ಟೇಬಲ್ಲಿನಲ್ಲಿ ಕೂತವರು ಆ ಕೆಲಸವನ್ನು ಎಲ್ಲಿ ಕಲಿತರು ಅಂತ ಕೇಳಿದರೆ ತಪ್ಪೇನು? ಫಿಟ್ಟರ್ ಆಗಬೇಕಾದವನು ಐ.ಟಿ.ಐ. ಮುಗಿಸಬೇಕು, ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಆಗಿ ಕೈ ಮಸಿ ಮಾಡಿಕೊಳ್ಳಬೇಕು, ಕೊನೆಗೆ ಪರೀಕ್ಷೆ ಬರೆಯಬೇಕು. ಆ ಫಿಟ್ಟರನ ಕೈಗೆ ಬರುವ ಸಾಮಾನನ್ನು ಲಕ್ಷ, ಕೋಟಿ ಲೆಕ್ಕದಲ್ಲಿ ಕೊಳ್ಳುವ ಶಾಖೆಗೆ ಬರೋ ಗುಮಾಸ್ತರ ಕಥೆ ಬೇರೆ. ಎಷ್ಟೋ ಕಚೇರಿಗಳಲ್ಲಿ ನಿನ್ನೆ ಟಪ್ಪಾಲು ನೋಡುತ್ತಿದ್ದವರು ಇವತ್ತು ಟೆಂಡರ್ ಶಾಖೆಗೆ ಬಂದು ಕೂರುತ್ತಾರೆ. ಹಿಂದಿನವರು ಬಿಟ್ಟುಹೋದ ಕಡತವೇ ಅವರ ಪಠ್ಯಪುಸ್ತಕ. ಕೆಲಸ ಕೈಗೆ ಹತ್ತುವಷ್ಟರಲ್ಲಿ ವರ್ಗಾವಣೆ.

ಇದು ಸುಲಭದ ಕೆಲಸವಲ್ಲ ಸ್ವಾಮಿ. ರಾಜ್ಯದ ಸಂಸ್ಥೆಗಳಿಗೆ 1999ರ ಕೆ.ಟಿ.ಪಿ.ಪಿ. ಕಾಯ್ದೆ ಇದೆ. ರೈಲ್ವೆಗೆ ಕೇಂದ್ರದ ನಿಯಮ ಬೇರೆ, ಅದರ ಟೆಂಡರ್ ಪೋರ್ಟಲ್ಲೂ ಬೇರೆ. 2016ರಿಂದ ಕೇಂದ್ರದ ಜೆಮ್ ಅನ್ನೋ ಆನ್‌ಲೈನ್ ಪೇಟೆಯೂ ಬಂದಿದೆ. ಡಿಪೋದಿಂದ ಇಂಡೆಂಟ್ ಬಂದಾಗ ಉಗ್ರಾಣದಲ್ಲಿ ಎಷ್ಟಿದೆ ನೋಡಬೇಕು, ಅಂದಾಜು ಕಟ್ಟಬೇಕು, ಸಾಮಾನಿನ ಗುಣಲಕ್ಷಣ ಬರೆಯಬೇಕು. ಆಮೇಲೆ ಟೆಂಡರ್, ಮೊದಲು ತಾಂತ್ರಿಕ ಲಕೋಟೆ, ನಂತರ ದರದ ಲಕೋಟೆ, ತುಲನಾ ಪಟ್ಟಿ, ಸರಬರಾಜು ಆದೇಶ, ಮಾಲಿನ ತಪಾಸಣೆ, ಸ್ಟಾಕ್ ರಿಜಿಸ್ಟರು, ಕೊನೆಗೆ ಬಿಲ್ಲು. ಎಲ್ಲಿ ಎಡವಿದರೂ ಕಡತ ನಿಲ್ಲುತ್ತದೆ.

ಹೆಚ್ಚಿನ ಎಡವಟ್ಟು ಆಗೋದು ಗುಣಲಕ್ಷಣ ಬರೆಯುವಾಗ. ಹೋದ ವರ್ಷದ್ದನ್ನೇ ನಕಲು ಮಾಡಿದರೆ ಪೇಟೆಯಲ್ಲಿ ನಿಂತುಹೋದ ಮಾಲನ್ನು ಕೇಳಿದ ಹಾಗಾಗುತ್ತದೆ. ಒಂದೇ ಕಂಪನಿಯ ಮಾಲಿಗೆ ಹೊಂದುವ ಅಳತೆ ಬರೆದರೆ ಉಳಿದವರೆಲ್ಲ ಬಾಗಿಲಲ್ಲೇ ವಾಪಸ್ಸು. ಇದನ್ನು ಬೇಕಂತಲೇ ಮಾಡುವವರೂ ಇದ್ದಾರೆ, ಗೊತ್ತಿಲ್ಲದೆ ಮಾಡುವವರೂ ಇದ್ದಾರೆ. ದಾಜಿಬಾನ ಪೇಟೆಯ ಅಂಗಡಿಕಾರನಿಗೆ ಎರಡರಿಂದಲೂ ಆಗೋ ನಷ್ಟ ಒಂದೇ. ಸಾಮಾನು ಬಾರದೆ ಬಸ್ಸು ಡಿಪೋದಲ್ಲಿ ನಿಂತರೆ ಸ್ಟ್ಯಾಂಡಿನಲ್ಲಿ ನಿಲ್ಲೋರು ನೀವು.

ಲಂಚದ ಮಾತು ನಾವು ಬೇಕಾದಷ್ಟು ಆಡಿದ್ದೇವೆ. 2021ರಲ್ಲಿ ಗುತ್ತಿಗೆದಾರರ ಸಂಘ ಕಮಿಷನ್ ಕಾಟದ ಬಗ್ಗೆ ಪ್ರಧಾನಿಗೇ ಪತ್ರ ಬರೆಯಿತು. ಕೋವಿಡ್ ಕಾಲದ ಖರೀದಿ ತನಿಖೆಗೆ 2023ರಲ್ಲಿ ನ್ಯಾಯಮೂರ್ತಿ ಕುನ್ಹಾ ಆಯೋಗ ಕೂತಿತು. ಕದ್ದವರನ್ನು ಹಿಡಿಯಲಿ, ಬೇಡ ಅನ್ನೋರು ಯಾರು? ಆದರೆ ಕಳ್ಳನನ್ನು ಹಿಡಿಯೋಕೆ ಕೂಡ ಲೆಕ್ಕ ಬಲ್ಲವರು ಒಳಗೆ ಇರಬೇಕು. ಅವರನ್ನು ತಯಾರು ಮಾಡುವ ಮಾತು ವಿಧಾನಸೌಧದಲ್ಲೂ ಇಲ್ಲ, ಜಿಲ್ಲಾ ಪಂಚಾಯತಿಯಲ್ಲೂ ಇಲ್ಲ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಇರೋದು ಆಗಲೇ ನೌಕರಿಯಲ್ಲಿ ಇರುವವರಿಗೆ. ಹೊರಗಿನ ಹುಡುಗನಿಗೆ ಆ ಗೇಟು ತೆರೆಯೋದಿಲ್ಲ.

ಕಾನೂನಿನಲ್ಲಿ ದಾರಿ ಇಲ್ಲವೇ ಅಂದರೆ, ಇದೆ. 1961ರ ಅಪ್ರೆಂಟಿಸ್ ಕಾಯ್ದೆ ಮೊದಲು ಕಾರ್ಖಾನೆಯ ಕಸುಬುಗಳಿಗೆ ಇತ್ತು. 1973ರಲ್ಲಿ ಇಂಜಿನಿಯರಿಂಗ್ ಪದವಿ, ಡಿಪ್ಲೊಮಾದವರು ಸೇರಿದರು. 1986ರಲ್ಲಿ ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷ ವೃತ್ತಿ ಶಿಕ್ಷಣ ಓದಿದವರು ಸೇರಿದರು. ಅವರಿಗಾಗಿ ಮಾಡಿದ ವಿಷಯಗಳ ಪಟ್ಟಿಯಲ್ಲಿ ಖರೀದಿ ಮತ್ತು ಉಗ್ರಾಣ ನಿರ್ವಹಣೆ ಅಂತಲೇ ಒಂದಿತ್ತು! ನಮ್ಮ ರಾಜ್ಯ ಏನು ಮಾಡಿತು? ಪಿಯುಸಿ ಮಟ್ಟದ ಜೆ.ಓ.ಸಿ. ಕೋರ್ಸನ್ನೇ ಮುಚ್ಚಿ, ಅಲ್ಲಿ ಪಾಠ ಹೇಳುತ್ತಿದ್ದವರನ್ನು 2011ರ ಕಾಯ್ದೆ ಮಾಡಿ ಸರ್ಕಾರಿ ಸೇವೆಗೆ ಸೇರಿಸಿಕೊಂಡಿತು. ಮೇಷ್ಟ್ರುಗಳಿಗೆ ನೌಕರಿ ಸಿಕ್ಕಿತು, ಒಳ್ಳೇದೇ. ಹುಡುಗರಿಗೆ ಕೋರ್ಸು ಹೋಯಿತು.

2014ರ ತಿದ್ದುಪಡಿ ಬಿ.ಎ., ಬಿ.ಕಾಂ. ಓದಿದವರಿಗೂ ಬಾಗಿಲು ತೆರೆಯಿತು. 30 ಜನರಿಗಿಂತ ಕಡಿಮೆ ಇಲ್ಲದ ಸಂಸ್ಥೆ ತನ್ನ ಸಿಬ್ಬಂದಿಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸುಗಳನ್ನು ತೆಗೆದುಕೊಳ್ಳಬೇಕು ಅಂತ 2019ರಲ್ಲಿ ನಿಯಮವಾಯಿತು. ಬೆಂಗಳೂರಿನ ಬೆಸ್ಕಾಂ 2025ರಲ್ಲಿ ಇಂಜಿನಿಯರಿಂಗ್ ಓದದ ಪದವೀಧರರನ್ನೂ ಕರೆಯಿತು. ಅಂಥವರನ್ನು ಟೆಂಡರ್ ಶಾಖೆಯಲ್ಲಿ ಕೂರಿಸಿ, ಇಂಡೆಂಟಿನಿಂದ ಬಿಲ್ಲಿನವರೆಗೆ ಒಂದು ವರ್ಷ ಹಂತಹಂತವಾಗಿ ಕಲಿಸಲು ಹೊಸ ಕಾನೂನೇನೂ ಬೇಕಿಲ್ಲ. ಮನಸ್ಸು ಮಾಡಿದರೆ ನಮ್ಮ ಮೂರು ಗಿರಾಕಿಗಳು ಬರುವ ವರ್ಷವೇ ಮಾಡಬಹುದು.

ಇಂಗ್ಲೆಂಡಿನಲ್ಲಿ ಸರ್ಕಾರಿ ಖರೀದಿಗೆ ಅಂತಲೇ ಅಪ್ರೆಂಟಿಸ್ ತರಬೇತಿ ಇದೆ. ನೌಕರಿಗೆ ಸೇರಿಸಿಕೊಂಡು, ಸಂಬಳ ಕೊಟ್ಟು, ಖರೀದಿ ವೃತ್ತಿಯ ಡಿಪ್ಲೊಮಾದ ಜೊತೆಗೆ ಕಲಿಸುತ್ತಾರೆ. ಅಲ್ಲಿ ಅಪ್ರೆಂಟಿಸ್ ಅಂದರೆ ನೌಕರ. ನಮ್ಮ ಕಾಯ್ದೆಯಲ್ಲಿ ಅಪ್ರೆಂಟಿಸ್ ನೌಕರನಲ್ಲ, ಬರೀ ತರಬೇತಿಯವನು. ತೊಡಕಿರೋದು ಇಲ್ಲೇ.

ವರ್ಷ ಮುಗಿದ ಮೇಲೆ ಏನು? 2019ರ ನಿಯಮದಲ್ಲಿ ಪದವೀಧರನಿಗೆ ಕನಿಷ್ಠ ಭತ್ಯೆ ತಿಂಗಳಿಗೆ 9,000 ಅಂತಿತ್ತು. ಹೆಚ್ಚಿಸಿ ಅಂತ ಕೇಂದ್ರದ ಅಪ್ರೆಂಟಿಸ್ ಮಂಡಳಿ 2025ರಲ್ಲಿ ಶಿಫಾರಸು ಮಾಡಿತು. ದುಡ್ಡಿನ ಮಾತು ಬಿಡಿ. ನೌಕರಿ ಕೊಡಲೇಬೇಕು ಅಂತ ಕಾಯ್ದೆ ಹೇಳೋದಿಲ್ಲ. ಆದರೆ 1995ರಲ್ಲಿ ಉತ್ತರ ಪ್ರದೇಶದ ಸಾರಿಗೆ ನಿಗಮದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿದೆ: ಉಳಿದದ್ದೆಲ್ಲ ಸಮನಾಗಿದ್ದರೆ ತರಬೇತಿ ಪಡೆದವನಿಗೆ ಆದ್ಯತೆ ಕೊಡಬೇಕು. ಅದೂ ಬಸ್ಸಿನ ಸಂಸ್ಥೆಯದೇ ಮೊಕದ್ದಮೆ. ಅಪ್ರೆಂಟಿಸುಗಳ ನೇಮಕಕ್ಕೆ ಪ್ರತಿ ಸಂಸ್ಥೆಯೂ ತನ್ನದೇ ನೀತಿ ಮಾಡಿಕೊಳ್ಳಬೇಕು ಅಂತ 2014ರ ತಿದ್ದುಪಡಿಯೂ ಹೇಳಿತು. ನಮ್ಮೂರಿನ ಸಂಸ್ಥೆಗಳು ಆ ನೀತಿಯನ್ನು ನೋಟೀಸ್ ಬೋರ್ಡಿಗೆ ಹಚ್ಚಲಿ, ಓದೋಣ.

ರೈಲ್ವೆಯಲ್ಲಿ ತನ್ನಲ್ಲೇ ತರಬೇತಾದವರಿಗೆ ಕೆಳಹಂತದ ನೇಮಕಾತಿಯಲ್ಲಿ ಶೇಕಡಾ 20 ಮೀಸಲು ಇದೆ. ಅದು ಸಾಲದು ಅಂತಲೇ 2018ರ ಮಾರ್ಚಿನಲ್ಲಿ ಮುಂಬೈಯಲ್ಲಿ ಅಪ್ರೆಂಟಿಸುಗಳು ಹಳಿ ಮೇಲೆ ಕೂತಿದ್ದು. ಇನ್ನು ರೈಲ್ವೆ ಉಗ್ರಾಣದ ಡಿಪೋ ಮೆಟೀರಿಯಲ್ ಸೂಪರಿಂಟೆಂಡೆಂಟ್ ಹುದ್ದೆಗೆ ನೇರವಾಗಿ ಹೋಗಬೇಕಾದರೆ ಇಂಜಿನಿಯರಿಂಗ್ ಡಿಪ್ಲೊಮಾ ಅಥವಾ ಪದವಿ ಬೇಕು. ಬಿ.ಕಾಂ. ಹುಡುಗ ಎಷ್ಟೇ ಲೆಕ್ಕ ಬಲ್ಲವನಾದರೂ ಆ ಪರೀಕ್ಷೆಗೆ ಅರ್ಜಿ ಹಾಕುವಂತಿಲ್ಲ.

ಇನ್ನೊಂದು ಭಯವೂ ಇದೆ. ಅಗ್ಗದ ಟೈಪಿಸ್ಟ್ ಸಿಕ್ಕ ಅಂತ ಸಾಹೇಬರು ಖುಷಿಪಟ್ಟರೆ? ಸಾಹೇಬರ ಡಿಜಿಟಲ್ ಸಹಿಯ ಕೀ ಗುತ್ತಿಗೆ ಆಪರೇಟರನ ಡ್ರಾಯರಿನಲ್ಲಿ ಬಿದ್ದಿರೋದನ್ನ ನಾನೇ ಕಣ್ಣಾರೆ ಕಂಡಿದ್ದೇನೆ, ಯಾವ ಕಚೇರಿ ಅಂತ ಇಲ್ಲಿ ಬೇಡ. ಅಪ್ರೆಂಟಿಸನ ಕೈಗೆ ಆ ಕೀ ಹೋಗಬಾರದು. ನಾಳೆ ತನಿಖೆ ಬಂದರೆ ತಲೆ ಕೊಡೋನು ಅವನೇ.

ಈ ಕಸುಬು ಬಲ್ಲವರಿಗೆ ಹೊರಗೂ ಅನ್ನ ಇದೆ ಅನ್ನೋದನ್ನ ಹೇಳಲೇಬೇಕು. ಆನ್‌ಲೈನ್ ಟೆಂಡರ್ ತುಂಬೋದು ತಿಳಿಯದೆ ವ್ಯಾಪಾರಿಗಳು ಕಂಪ್ಯೂಟರ್ ಅಂಗಡಿ ಹುಡುಕಿಕೊಂಡು ಹೋಗುತ್ತಾರೆ. ಒಂದು ಕಾಗದ ಬಿಟ್ಟರೆ ತಾಂತ್ರಿಕ ಲಕೋಟೆಯಲ್ಲೇ ಔಟ್. ಬಾಕಿಯ ವಿಷಯದಲ್ಲೂ ಹೀಗೇ. ಸಣ್ಣ ಉದ್ದಿಮೆದಾರನ ಬಿಲ್ಲನ್ನು 45 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು ಅಂತ 2006ರ ಕಾಯ್ದೆ ಹೇಳುತ್ತದೆ. ಉದ್ಯಮ್ ನೋಂದಣಿ ಇದೆಯಲ್ಲ, ನಮಗೂ ಅದು ಸಿಗುತ್ತೆ ಅಂತ ಅಂಗಡಿಕಾರರು ನಂಬಿದ್ದಾರೆ. 2021ರ ಜುಲೈನಲ್ಲಿ ಚಿಲ್ಲರೆ, ಸಗಟು ವ್ಯಾಪಾರಿಗಳನ್ನು ಸೇರಿಸಿದ್ದು ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ. ಇಂಥದ್ದನ್ನು ಬಿಡಿಸಿ ಹೇಳುವ ಹುಡುಗ ಒಬ್ಬ ಇದ್ದರೆ ಹತ್ತು ಅಂಗಡಿಯವರು ಸೇರಿ ಸಂಬಳ ಕೊಡುತ್ತಾರೆ.

ಪದವಿ, ಡಿಪ್ಲೊಮಾ ಮುಗಿಸಿದವರು ನೋಂದಣಿ ಮಾಡಿಸಬೇಕಾದ್ದು ಕೇಂದ್ರದ ಎನ್.ಎ.ಟಿ.ಎಸ್. ಪೋರ್ಟಲ್ಲಿನಲ್ಲಿ. ದಕ್ಷಿಣ ರಾಜ್ಯಗಳ ಮಂಡಳಿ ಚೆನ್ನೈಯಲ್ಲಿದೆ. ಸೇರುವ ಮುಂಚೆ ಕರಾರು ನೋಂದಣಿ ಆಗಿದೆಯಾ ನೋಡಿಕೊಳ್ಳಿ. ಖರೀದಿ ಅಥವಾ ಉಗ್ರಾಣ ಶಾಖೆಯಲ್ಲಿ ಎಷ್ಟು ತಿಂಗಳು ಕೂರಿಸುತ್ತೀರಿ ಅಂತ ಬರಹದಲ್ಲಿ ಕೇಳಿ. ಕೇಳಿದ್ದಕ್ಕೆ ಯಾವ ಕಚೇರಿಯಾದರೂ ಗದರಿಸಿ ಕಳಿಸಿದರೆ ಈ ಅಂಕಣಕ್ಕೆ ಒಂದು ಕಾರ್ಡು ಬರೆಯಿರಿ.