ದಯೆಯೊಡನೆ ಅರಿವೂ ಇರಲಿ

ಪಾಮನಕಲ್ಲೂರಿನಿಂದ ಸಿಂಧನೂರಿನ ಕಡೆಗೆ ಸಾಗಿದರೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಲ್ಲಿ ಬೆಳ್ಳಕ್ಕಿಗಳ ಸಾಲು ಕಾಣುತ್ತದೆ. ತಂತಿಗೆ ಬಡಿದು ರೆಕ್ಕೆ ಮುರಿದ ಹಕ್ಕಿಯನ್ನು ಮಕ್ಕಳು ಮನೆಗೆ ತಂದರೆ, ನಾವು ಮೊದಲು ಮಾಡುವ ಉಪಚಾರ ಕೊಕ್ಕಿಗೆ ನೀರು ಹನಿಸುವುದು. ಭಾವ ಹಿರಿದು, ಫಲ ವಿಪರೀತ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲಿಯೇ ಇರುತ್ತದೆ. ನೀರು ಅಲ್ಲಿಗಿಳಿದರೆ ಪ್ರಾಣವೇ ಹೋದೀತು. ಎದೆಯನ್ನು ಬಿಗಿಯಾಗಿ ಹಿಡಿಯಲೂ ಬಾರದು. ನಮಗಿರುವಂತಹ ವಪೆ ಹಕ್ಕಿಗಿಲ್ಲ. ಎದೆಗೂಡು ಅಲುಗಿದರೆ ಮಾತ್ರ ಅದಕ್ಕೆ ಉಸಿರು.

ಹಾಗಾದರೆ ಮಾಡಬೇಕಾದುದೇನು? ಬಟ್ಟೆ ಹೊದಿಸಿ ಮೆಲ್ಲನೆ ಎತ್ತಿ, ಗಾಳಿಯಾಡುವ ರಂಧ್ರಗಳುಳ್ಳ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆ, ಮೌನ, ಬೆಚ್ಚನೆಯ ಆಸರೆ ಕೊಡಬೇಕು. ಅರಣ್ಯ ಇಲಾಖೆಗೆ ತಿಳಿಸಿ ಪಶುವೈದ್ಯರಲ್ಲಿಗೆ ಒಯ್ಯಬೇಕು. ಕಾಡುಹಕ್ಕಿಯನ್ನು ಮನೆಯಲ್ಲಿ ಸಾಕಿಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ.

ಅರಿತು ಮಾಡುವ ಆರೈಕೆಗೆ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ನಿದರ್ಶನ. ಅಲ್ಲಿ ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಬಲೆಯ ಆವರಣದಲ್ಲಿರಿಸಿ, ಮೀನುಣಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವ ಕಾರ್ಯ ನಡೆದುಬಂದಿದೆ. 2007ರಲ್ಲಿ ಅದು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಬದುಕುಳಿದ ಹಕ್ಕಿ ಮರಳಿ ಹಾರಿದಾಗಲೇ ಸೇವೆ ಪೂರ್ಣವಾಗುವುದು. ಇದನ್ನು ಮಕ್ಕಳಿಗೆ ಮನೆಯಲ್ಲಿಯೇ ಕಲಿಸೋಣ.