ದೀಪ ಕೆಟ್ಟರೆ ಬುಡಸಮೇತ ಕೀಳಬೇಕೆ?

ಫಾಲ್ಸ್ ಸೀಲಿಂಗ್ ಈಗ ನಮ್ಮ ತಾಲ್ಲೂಕುಗಳ ಮನೆಗಳಿಗೂ ಬಂದಿದೆ. ಅದರೊಳಗಿನ ಸ್ಪಾಟ್‌ಲೈಟ್ ಮಿನುಗತೊಡಗಿದರೆ ಎಲೆಕ್ಟ್ರಿಷಿಯನ್ ಏಣಿ ಹತ್ತಿ ನೋಡಿ, ‘ಪೂರ್ತಿ ಬದಲಿಸಬೇಕು’ ಎಂದು ಒಂದೇ ಮೊತ್ತ ಹೇಳುತ್ತಾರೆ. ಒಪ್ಪುವ ಮುನ್ನ ಒಂದು ಮಾತು ಕೇಳಬೇಕು: ಕೆಟ್ಟಿರುವುದು ದೀಪವೋ, ಡ್ರೈವರೋ?

ಎಲ್‌ಇಡಿಯಲ್ಲಿ ಮೊದಲು ಸೋಲುವುದು ಬಹುಮಟ್ಟಿಗೆ ವಿದ್ಯುತ್ತನ್ನು ಹದಗೊಳಿಸುವ ಡ್ರೈವರ್ ಎಂಬ ಪುಟ್ಟ ಪೆಟ್ಟಿಗೆ. ಶಾಖಕ್ಕೆ ಅದರ ಕೆಪಾಸಿಟರ್ ಒಣಗುತ್ತದೆ. ಡ್ರೈವರ್ ಬೇರೆಯಾಗಿದ್ದರೆ ಅದನ್ನಷ್ಟೇ ಬದಲಿಸಬಹುದು. ದೀಪದೊಳಗೇ ಬೆಸೆದಿದ್ದರೆ ಎಲೆಕ್ಟ್ರಿಷಿಯನ್ನರನ್ನು ದೂರಿ ಫಲವಿಲ್ಲ, ತಪ್ಪು ತಯಾರಕರದು. ಬಿಡಿಭಾಗಕ್ಕೆಷ್ಟು, ಕೂಲಿಗೆಷ್ಟು ಎಂದು ಬೇರೆಬೇರೆ ಬರೆಸಿಕೊಳ್ಳಿರಿ. (ಏಣಿ ಹತ್ತಿದವರ ಕೂಲಿಯಲ್ಲಿ ಚೌಕಾಸಿ ಬೇಡ.)

ಕಿತ್ತೆಸೆದ ದೀಪ ಹೋಗುವುದೆಲ್ಲಿಗೆ? ಪಿನಾಕಿನಿಗಳು ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿದರೂ ಗೌರಿಬಿದನೂರಿಗಾಗಲಿ ಚಿಕ್ಕಬಳ್ಳಾಪುರಕ್ಕಾಗಲಿ ವರ್ಷಪೂರ್ತಿ ಹರಿಯುವ ಹೊಳೆಯಿಲ್ಲ. ಕೆರೆ, ಕೊಳವೆಬಾವಿಗಳೇ ನಮ್ಮ ಗತಿ. ಸೀಸದ ಬೆಸುಗೆಯ ಚೂರುಗಳು ಆ ಕೆರೆಯಂಗಳ ಸೇರಕೂಡದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ದುರಸ್ತಿಗೊಗ್ಗುವ ದೀಪವನ್ನೇ ಮಾಡಿರೆಂದು ಕಟ್ಟುನಿಟ್ಟಾಗಿ ಕೇಳುವವರು ಯಾರು? ಚಿಂತಾಮಣಿ, ಶಿಡ್ಲಘಟ್ಟಗಳ ಅಂಗಡಿಗಳಲ್ಲಿ ‘ಡ್ರೈವರ್ ಬೇರೆಯಿರುವುದನ್ನು ಕೊಡಿ, ಹಳೆಯದನ್ನು ಹಿಂದಕ್ಕೆ ಪಡೆಯಿರಿ’ ಎಂದು ನಾವೇ ಕೇಳತೊಡಗೋಣ.